ತಿಳಿನೀರಿಗೆ ನಲವತ್ನಾಲ್ಕು

ಬನ್ನಿಮಂಟಪದಲ್ಲಿ ನನ್ನ ವರ್ಕ್‌ಶಾಪಿನ ಎದುರಿಗೆ ಹೊಸದೊಂದು ಸಲೂನು ಬಂದಿದೆ. ಏಸಿ ಇದೆ, ಕನ್ನಡಿಯ ಸುತ್ತ ದೀಪ ಇದೆ, ಆದರೆ ಕ್ಷೌರ ಮಾಡುವವರು ಮಾತ್ರ ಹಳಬರು. ಹೋದ ವಾರ ಗಡ್ಡ ಕೆರೆದಾದ ಮೇಲೆ ಅವರು ಬಾಟಲಿಯ ಲೋಷನ್ ಮುಟ್ಟದೆ ಡ್ರಾಯರಿನಿಂದ ಪಟಿಕದ ಕಲ್ಲು ತೆಗೆದು, ನೀರಿನಲ್ಲಿ ಅದ್ದಿ, ನನ್ನ ಕೆನ್ನೆಗೆ ಉಜ್ಜಿದರು. ತಣ್ಣಗೆ ಚುರ್ ಎಂದಿತು. ಒಂದು ಹನಿ ತುಟಿಯ ಮೂಲೆಗೆ ಇಳಿದು ನಾಲಿಗೆ ಒಗರಾಯಿತು. ಒಗರು ತಗುಲಿದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಮುಖ ನೋಡಿ ಆ ಮನುಷ್ಯ ಬ್ಲೇಡು ತಾಕಿತೇನೋ ಎಂದು ಗಾಬರಿಯಾದರು. ನಿಮ್ಮ ಮೇಲಲ್ಲ ಬುಡಿ ಎಂದು ಹೇಳಿ ಹೊರಗೆ ಬಂದೆ. ಇಪ್ಪತ್ತು ವರ್ಷದ ಮೇಲಾಯಿತು. ಆ ಸಿಟ್ಟು ಹೋದೀತು ಎಂದುಕೊಂಡಿದ್ದೆ, ಹೋಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷ ಅದು. ಎರಡು ಸಾವಿರ ಇಸವಿ ಹುಟ್ಟುವ ಗಳಿಗೆಗೆ ಲೋಕದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ದಿನಾ ಪೇಪರಿನಲ್ಲಿ ಬರುತ್ತಿತ್ತು. ನನಗೇನೂ ಭಯವಿರಲಿಲ್ಲ, ಏಕೆಂದರೆ ನನ್ನ ಹತ್ತಿರ ಕಂಪ್ಯೂಟರೇ ಇರಲಿಲ್ಲ. ಇದ್ದದ್ದು ಒಂದು ತಗಡಿನ ಶೆಡ್ಡು, ಒಂದು ಡ್ರಿಲ್ಲಿಂಗ್ ಮಿಷನ್ನು, ಒಂದು ಹಳೇ ಸ್ಕೂಟರು, ಮತ್ತೆ ನನ್ನ ನಾಲಿಗೆ. ಎಸ್ಸೆಸ್ಸೆಲ್ಸಿ ಫೇಲಾದವನು ನಾನು. ಯಾರ ಕೈಕೆಳಗೂ ಕೆಲಸ ಕಲಿಯಲಿಲ್ಲ. ಸುಟ್ಟ ರೇಡಿಯೊ ಬಿಚ್ಚಿ ಕಲಿತೆ, ಸುಟ್ಟ ಮೋಟರು ಬಿಚ್ಚಿ ಕಲಿತೆ, ಆಮೇಲೆ ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವವನಾದೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವನು ಮೈಸೂರಿನಲ್ಲಿ ಇರಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಆದರೆ ಸ್ವಲ್ಪ ಮೆತ್ತಗೆ.

ಊರಾಚೆ ಒಂದು ಕಾರ್ಖಾನೆಯ ಕಾಲನಿಯಿತ್ತು. ಹೆಸರು ಬೇಡ. ಆ ಮನೆಗಳಿಗೆಲ್ಲ ನಾಲೆಯ ನೀರೇ ಗತಿ. ನಾಲೆಯ ನೀರು ಮೊದಲು ಒಂದು ಪುಟ್ಟ ಶುದ್ಧೀಕರಣದ ಮನೆಗೆ ಬರುತ್ತದೆ, ಅಲ್ಲಿ ಪಟಿಕ ಕರಗಿಸಿದ ದ್ರಾವಣ ಬೆರೆಸುತ್ತಾರೆ, ಹಾಲು ಒಡೆದ ಹಾಗೆ ಕೆಸರು ಗಂಟುಗಂಟಾಗಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮರಳಿನಲ್ಲಿ ಸೋಸಿ ಟ್ಯಾಂಕಿಗೆ ಏರುತ್ತದೆ. ಪಟಿಕ ಕಡಿಮೆಯಾದರೆ ನಲ್ಲಿಯಲ್ಲಿ ಕೆಸರು, ಹೆಚ್ಚಾದರೆ ಬಾಯಿಗಿಟ್ಟರೆ ಒಗರು. ಎಷ್ಟು ಬೇಕೋ ಅಷ್ಟೇ ಬೀಳಬೇಕು, ಅದೇ ಇಡೀ ವಿದ್ಯೆ.

ಆ ವಿದ್ಯೆ ಅಲ್ಲಿ ರುದ್ರಪ್ಪನವರ ಕೈಯಲ್ಲಿತ್ತು. ಇಪ್ಪತ್ತು ವರ್ಷದಿಂದ ಅಲ್ಲಿ ಆಪರೇಟರು. ರಿಟೈರಾಗಲು ಎರಡು ವರ್ಷವಿತ್ತು. ಹಣೆಯಲ್ಲಿ ವಿಭೂತಿ, ಖಾಕಿ ಷರ್ಟಿನ ಜೇಬಿನಲ್ಲಿ ಹೋಟೆಲಿನ ಕಾಫಿ ಗ್ಲಾಸು. ಚಿಕ್ಕಂದಿನಲ್ಲಿ ಮಠದಲ್ಲಿದ್ದು ಓದಿದವರು. ದಾಸೋಹಕ್ಕೆ ಹೊಳೆಯಿಂದ ತಂದ ನೀರಿನ ಹಂಡೆಗಳಲ್ಲಿ ಪಟಿಕದ ಕಲ್ಲು ಆಡಿಸುವುದು ಅಲ್ಲಿ ಅವರ ಪಾಲಿನ ಕೆಲಸವಾಗಿತ್ತಂತೆ. ಎಷ್ಟು ಸುತ್ತು ಆಡಿಸಿದರೆ ಎಂಥ ನೀರು ತಿಳಿಯಾಗುತ್ತದೆ ಎಂದು ಆಗಲೇ ಕೈಗೆ ಬಂದಿತ್ತು. ಕಾಲನಿಯಲ್ಲೂ ಅದೇ ಕ್ರಮ. ಗ್ಲಾಸಿನಲ್ಲಿ ನಾಲೆಯ ನೀರು ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದರು, ದ್ರಾವಣ ಬಿಡುವ ನಲ್ಲಿಯನ್ನು ಅಷ್ಟೋ ಇಷ್ಟೋ ತಿರುಗಿಸುತ್ತಿದ್ದರು. ಒಂದು ಗಂಟೆ ಬಿಟ್ಟು ಮತ್ತೆ ಗ್ಲಾಸು. ಅಷ್ಟೇ.

ಇದು ಹೊಸದಾಗಿ ಬಂದ ಎಂಜಿನಿಯರ್ ಮೋಹನ್ ಸಾಹೇಬರಿಗೆ ಸರಿಬರಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವರು, ಇಸ್ತ್ರಿ ಮಡಿಕೆ ಮುರಿಯದ ಪ್ಯಾಂಟು. ಕಾಫಿ ಗ್ಲಾಸು ನೋಡಿಕೊಂಡು ಇನ್ನೂರು ಮನೆಗೆ ನೀರು ಬಿಡುವುದು ಯಾವ ಕಾಲದ ಪದ್ಧತಿ ಎಂದು ಅವರು ಕೇಳಿದ್ದು ತಪ್ಪೇನಲ್ಲ. ಮೀಟರು ಬರಲಿ, ಪ್ಯಾನೆಲ್ ಬರಲಿ, ಡೋಸಿಂಗ್ ಪಂಪು ಬರಲಿ, ನೀರು ಎಷ್ಟು ಕದಡಿದೆಯೋ ಅಷ್ಟು ಪಟಿಕ ತಾನಾಗೇ ಬೀಳಲಿ ಎಂದರು. ಕೆಲಸ ನನಗೆ ಸಿಕ್ಕಿತು. ಇದು ಚೆನ್ನಾಗಿ ನಡೆದರೆ ಅವರದೇ ಕಂಪನಿಯ ಇನ್ನು ಮೂರು ಕಡೆಗೆ ಮೂರು ಪ್ಯಾನೆಲ್ ನಿಮ್ಮದೇ ಎಂದೂ ಹೇಳಿದರು. ಆ ಮೂರರ ಆಸೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಮೀಟರು ನೀರನ್ನು ನೋಡಿ, ಕದಡು ಎಷ್ಟಿದೆ ಎಂದು ಎರಡು ತಂತಿಯಲ್ಲಿ ಕರೆಂಟು ಕಳಿಸಿ ಹೇಳುತ್ತದೆ. ನೀರು ಪೂರಾ ತಿಳಿಯಾಗಿದ್ದರೆ ನಾಲ್ಕು ಮಿಲಿಆಂಪು, ಪೂರಾ ರಾಡಿಯಾಗಿದ್ದರೆ ಇಪ್ಪತ್ತು. ಸೊನ್ನೆಯಿಂದ ಯಾಕೆ ಶುರುವಾಗುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ವಾಚ್‌ಮನ್ ಗಂಟೆಗೊಮ್ಮೆ "ಏನಿಲ್ಲ ಸಾರ್" ಎಂದು ಕೂಗಿದರೆ ಅವನು ಎದ್ದಿದ್ದಾನೆ ಎಂದು ತಿಳಿಯುತ್ತದೆ. ಸುಮ್ಮನಿದ್ದರೆ ಕಳ್ಳರಿಲ್ಲವೋ, ವಾಚ್‌ಮನ್ನೇ ಮಲಗಿದ್ದಾನೋ, ಹೇಗೆ ಗೊತ್ತಾಗಬೇಕು? ನಾಲ್ಕು ಎಂದರೆ "ಏನಿಲ್ಲ ಸಾರ್". ಸೊನ್ನೆ ಎಂದರೆ ತಂತಿ ಕಿತ್ತುಹೋಗಿದೆ.

ಪ್ಯಾನೆಲ್ಲಿನಲ್ಲಿರುವ ಕಂಟ್ರೋಲರಿಗೆ ಈ ಭಾಷೆ ಗೊತ್ತಿರಬೇಕು. ನಾಲ್ಕು ಬಂದರೆ ಅದು ಸೊನ್ನೆ ಎಂದು ಓದಬೇಕು. ಮೊದಲ ನಾಲ್ಕು ಇಂಚು ಹರಿದುಹೋದ ಟೇಪಿನಲ್ಲಿ ಟೈಲರು ಅಳತೆ ತೆಗೆದ ಹಾಗೆ. ನಾಲ್ಕು ಕಳೆಯಬೇಕು ಎಂದು ಗೊತ್ತಿದ್ದವನು ಸರಿಯಾಗಿ ಕತ್ತರಿಸುತ್ತಾನೆ, ಗೊತ್ತಿಲ್ಲದವನು ಇಲ್ಲದ ಮೈಗೆ ಬಟ್ಟೆ ಹೊಲಿಯುತ್ತಾನೆ.

ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದು ಹಳೇ ಸ್ಟಾಕಿನ ಕಂಟ್ರೋಲರು ಹಿಡಿದೆ. ಅಂಗಡಿಯವನು ಹೇಳಿದ ರೇಟನ್ನು ಮೂರನೆಯ ಒಂದು ಪಾಲಿಗೆ ಇಳಿಸಿ, ಮೇಲೆ ಅವನ ಖರ್ಚಿನಲ್ಲೇ ಟೀ ಕುಡಿದು ಬಂದೆ. ಅಷ್ಟು ಸಲೀಸಾಗಿ ಅವನು ಇಳಿದಾಗಲೇ ನಾನು ಅನುಮಾನಪಡಬೇಕಿತ್ತು. ಅದು ಸೊನ್ನೆಯಿಂದ ಇಪ್ಪತ್ತರ ಕಂಟ್ರೋಲರು. ನಾಲ್ಕು ಬಂದರೆ ಅದನ್ನು ನಾಲ್ಕೇ ಎಂದು ಓದುವಂಥದ್ದು. ಅದರ ಅಂಕಿ ಇನ್ನೂರರವರೆಗೆ ಓಡುತ್ತದೆ, ಇಪ್ಪತ್ತಕ್ಕೆ ಇನ್ನೂರು, ಅಂದರೆ ತಿಳಿನೀರಿನ ನಾಲ್ಕಕ್ಕೇ ನಲವತ್ತು. ನನಗೆ ಅದು ಗೊತ್ತಾಗಲಿಲ್ಲ ಎಂದೇನಲ್ಲ. ಹಿಂದಿನ ಚೀಟಿಯಲ್ಲೇ ಬರೆದಿತ್ತು. ಒಳಗೆ ಎರಡು ಸಣ್ಣ ಸ್ಕ್ರೂ ಇವೆ, ಒಂದು ಸೊನ್ನೆ ಹೊಂದಿಸಲು, ಒಂದು ತುದಿ ಹೊಂದಿಸಲು. ಅರ್ಧ ಗಂಟೆಯ ಕೆಲಸ. ಆಮೇಲೆ ಮಾಡಿದರಾಯಿತು ಎಂದುಕೊಂಡೆ. ನಮ್ಮ ಕಸುಬಿನಲ್ಲಿ ಇರುವ ಹುಡುಗರಿಗೆ ನಾನು ಇವತ್ತಿಗೂ ಹೇಳುವುದು ಒಂದೇ: ಪ್ಯಾನೆಲ್ಲಿನ ಬಾಗಿಲು ಮುಚ್ಚಿದ ಮೇಲೆ "ಆಮೇಲೆ" ಅನ್ನುವುದು ಇರುವುದಿಲ್ಲ.

ಫೆಬ್ರವರಿಯಲ್ಲಿ ಪ್ಯಾನೆಲ್ ಕೂರಿಸಿದೆ. ಬಿಸಿಲು ಶುರುವಾಗಿತ್ತು, ನಾಲೆಯ ನೀರು ತಿಳಿಯಾಗಿತ್ತು, ಬೆಳಿಗ್ಗೆ ನೋಡಿದರೆ ದೂರಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲ ಸಾಲು ಕಾಣುವಂಥ ದಿನಗಳು. ಸ್ವಿಚ್ಚು ಹಾಕಿದ ಕೂಡಲೇ ಕೆಂಪು ಅಂಕಿಗಳು ಉರಿದವು. ಕಾಲನಿಯ ಹೆಂಗಸರು ಮಕ್ಕಳು ಕಿಟಕಿಯಲ್ಲಿ ಇಣುಕಿದರು. ಮೋಹನ್ ಸಾಹೇಬರು ಎಲ್ಲರಿಗೂ ಬೋಂಡ ತರಿಸಿದರು. ರುದ್ರಪ್ಪನವರು ಮಾತ್ರ ಒಂದು ಮೂಲೆಯಲ್ಲಿ ಗ್ಲಾಸು ಹಿಡಿದುಕೊಂಡು ಅಂಕಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು ಗ್ಲಾಸನ್ನು ನನ್ನ ಮೂಗಿನ ಮುಂದೆ ಹಿಡಿದರು.

"ನೀರು ಕನ್ನಡಿ ಅಂಗದೆ ಕಣಪ್ಪ. ಇದು ನಲವತ್ನಾಲ್ಕು ಅಂತದೆ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಾವ್ರೆ."

ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ನೀರಿನ ನಿಜವಾದ ಅಳತೆ ಐದು. ಹೆಚ್ಚೂಕಡಿಮೆ ನಲವತ್ತು ಸುಳ್ಳು ಅದರ ತಲೆಯ ಮೇಲೆ ಕೂತಿತ್ತು. ಪಕ್ಕದಲ್ಲೇ ಮೋಹನ್ ಸಾಹೇಬರು ಬೋಂಡ ಕಚ್ಚುತ್ತಾ ನಿಂತಿದ್ದರು, ಮೂರು ಪ್ಯಾನೆಲ್ಲಿನ ಆರ್ಡರು ಅವರ ಬಾಯಲ್ಲಿತ್ತು.

"ಅದು ಮಿಷನ್ನಿನ ಲೆಕ್ಕ ರುದ್ರಪ್ಪನೋರೆ, ನಿಮಗೆ ಗೊತ್ತಾಗಲ್ಲ ಬುಡಿ" ಎಂದೆ.

ಸಾಹೇಬರು ನಕ್ಕರು. ಕಿಟಕಿಯಲ್ಲಿದ್ದವರೂ ನಕ್ಕರು. ರುದ್ರಪ್ಪನವರು ಗ್ಲಾಸಿನ ನೀರನ್ನು ಚೆಲ್ಲಿ ಅದನ್ನು ಜೇಬಿಗೆ ಇಳಿಸಿದರು. ಎಲ್ಲ ಅಳತೆಯನ್ನೂ ಸರಿಹೊಂದಿಸಲಾಗಿದೆ ಎಂದು ಅಚ್ಚಾದ ಕಾಗದವೊಂದಿತ್ತು. ನಾನು ಅದಕ್ಕೆ ಸಹಿ ಹಾಕಿದೆ.

ತಿಂಗಳೊಳಗೆ ಕಾಲನಿಯಲ್ಲಿ ಒಗರು ನೀರಿನ ಗಲಾಟೆ ಎದ್ದಿತು. ಆಗಲೇಬೇಕಿತ್ತು. ಐದರ ನೀರಿಗೆ ಪಂಪು ನಲವತ್ನಾಲ್ಕರ ಪಟಿಕ ಸುರಿಯುತ್ತಿತ್ತು. ನನಗೆ ಕರೆ ಬಂತು. ಸ್ಕ್ರೂಡ್ರೈವರು ಹಿಡಿದುಕೊಂಡೇ ಹೋದೆ, ಗುಟ್ಟಾಗಿ ಸರಿ ಮಾಡಿಬಿಡೋಣ ಎಂದು. ಆದರೆ ಅಷ್ಟರಲ್ಲಿ ಸಾಹೇಬರು ತಾವೇ ಮದ್ದು ಕಂಡುಹಿಡಿದಿದ್ದರು. ಪಂಪಿನ ಪಕ್ಕದಲ್ಲಿ ಒಂದು ಗುಂಡು ಹಿಡಿ ಇರುತ್ತದೆ. ಪಂಪು ಒಂದು ಸಲ ತಳ್ಳಿದಾಗ ಎಷ್ಟು ದ್ರಾವಣ ಹೋಗಬೇಕು ಎನ್ನುವುದನ್ನು ಅದು ಹಿಡಿದಿಡುತ್ತದೆ. ಸಾಹೇಬರು ಅದನ್ನು ನೂರರಿಂದ ಇಪ್ಪತ್ತಕ್ಕೆ ಇಳಿಸಿದ್ದರು. ಯಾರೂ ಕೈ ಹಾಕಬಾರದೆಂದು ಮನೆಯಿಂದ ನೈಲ್ ಪಾಲಿಷ್ ತಂದು ಗುರುತು ಬಳಿದಿದ್ದರು. ಒಗರು ಹೋಗಿತ್ತು, ನೀರು ಚೆನ್ನಾಗಿತ್ತು. ನೋಡಿದ್ರಾ ನಾಗರಾಜ್ ಎಂದು ಬೀಗಿದರು.

ನೋಡಿದೆ. ನನ್ನ ಸುಳ್ಳನ್ನು ಅವರ ತಪ್ಪು ಮುಚ್ಚಿತ್ತು. ಒಂದು ಕಡೆ ನಾನು ತೂಕದ ಕಲ್ಲು ಕದ್ದಿದ್ದೆ, ಇನ್ನೊಂದು ಕಡೆ ಅವರು ತಕ್ಕಡಿ ಬಗ್ಗಿಸಿದ್ದರು, ಮುಳ್ಳು ನಡುವೆ ನಿಂತಿತ್ತು. ನನ್ನ ಕೆಲಸ ಉಳಿಯಿತು ಎಂದು ಸ್ಕೂಟರು ಹತ್ತಿ ಬಂದುಬಿಟ್ಟೆ. ದಾರಿಯಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿ ಹಾದುಹೋಗದೆ ಇರಲಿಲ್ಲ. ಈ ನಲವತ್ತರ ಸುಳ್ಳು ತಿಳಿನೀರಿನಲ್ಲಿ ಮಾತ್ರ ಪೂರಾ ಇರುತ್ತದೆ. ರಾಡಿ ಹೆಚ್ಚಿದಷ್ಟೂ ಅದು ತೆಳುವಾಗುತ್ತಾ ಬಂದು, ತುದಿಯಲ್ಲಿ ಇಲ್ಲವೇ ಇಲ್ಲ. ಆದರೆ ಸಾಹೇಬರು ತಿರುಗಿಸಿದ ಹಿಡಿ ಬೇಸಿಗೆಗೂ ಇಪ್ಪತ್ತು, ಮಳೆಗಾಲಕ್ಕೂ ಇಪ್ಪತ್ತು. ಅಂದರೆ ಕೆಂಪು ನೀರು ಬಂದ ದಿನ ಬೇಕಾದ್ದರಲ್ಲಿ ಐದನೆಯ ಒಂದು ಪಾಲು ಪಟಿಕ ಬೀಳುತ್ತದೆ. ಮಳೆಗಾಲ ದೂರವಿತ್ತು. ಆಮೇಲೆ ನೋಡೋಣ ಎಂದುಕೊಂಡೆ. ಮತ್ತೆ ಅದೇ ಆಮೇಲೆ.

ಮೈಸೂರಿನಲ್ಲಿ ಮಳೆ ಜೋರಾಗಿ ಹೊಡೆಯಬೇಕೆಂದೇನೂ ಇಲ್ಲ. ಇಲ್ಲಿ ಜಿಟಿಜಿಟಿ ಹಿಡಿದು ಬೆಟ್ಟ ಮೋಡದಲ್ಲಿ ಮುಳುಗಿದ್ದರೆ ಸಾಕು, ಕೊಡಗಿನಲ್ಲಿ ಬಿದ್ದದ್ದೆಲ್ಲ ನಾಲೆಯಲ್ಲಿ ಕೆಂಪಗೆ ಬಂದೇ ಬರುತ್ತದೆ. ಆ ವರ್ಷ ಜುಲೈಯಲ್ಲಿ ಬಂತು. ಕಾಲನಿಯ ನಲ್ಲಿಗಳಲ್ಲಿ ಕಾಫಿ ಬಣ್ಣದ ನೀರು. ಬಿಂದಿಗೆಯ ತಳದಲ್ಲಿ ಬೆರಳು ದಪ್ಪ ಮಣ್ಣು. ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ಕಾಲನಿಯ ಒಬ್ಬ ಟೀಚರಮ್ಮ ಒಂದು ಬಾಟಲಿ ನಲ್ಲಿನೀರು ತಂದು ಸಾಹೇಬರ ಮೇಜಿನ ಮೇಲೆ ಇಟ್ಟು, ಮೊದಲು ನೀವು ಕುಡೀರಿ, ಆಮೇಲೆ ಮಾತಾಡೋಣ ಎಂದರಂತೆ.

ಸಾಹೇಬರು ಪ್ಯಾನೆಲ್ ನೋಡಿದರು. ಅಂಕಿ ನೂರ ಅರವತ್ತರ ಆಸುಪಾಸಿನಲ್ಲಿತ್ತು. ರಾಡಿ ಏರಿದೆ, ಅಂಕಿಯೂ ಏರಿದೆ, ಪಂಪು ಜೋರಾಗಿ ಬಡಿಯುತ್ತಿದೆ, ಮಿಷನ್ನು ಸರಿಯಾಗೇ ಇದೆ ಎಂದು ತೀರ್ಮಾನಿಸಿದರು. ಪಂಪು ಬಡಿಯುತ್ತಿತ್ತು ನಿಜ, ಸುಮ್ಮನೆ ಸದ್ದು ಮಾಡುತ್ತಿತ್ತು. ಒಂದೊಂದು ಬಡಿತಕ್ಕೆ ಹೋಗುತ್ತಿದ್ದದ್ದು ಒಂದು ದಾರದೆಳೆಯಷ್ಟು ದ್ರಾವಣ.

ರುದ್ರಪ್ಪನವರಿಗೆ ಅಂಕಿ ಬೇಕಿರಲಿಲ್ಲ. ಗ್ಲಾಸಿನಲ್ಲಿ ಗಂಟು ಕಟ್ಟುತ್ತಿಲ್ಲ ಎನ್ನುವುದು ಅವರಿಗೆ ಮೊದಲ ದಿನವೇ ಕಂಡಿತು. ಹೋಗಿ ಹೇಳಿದರು. ಮಿಷನ್ನಿದೆಯಲ್ಲ, ನಿಮಗ್ಯಾಕೆ ಎಂದು ಉತ್ತರ ಬಂತು. ಆಮೇಲೆ ಅವರು ಮಠದಲ್ಲಿ ಹುಡುಗನಾಗಿದ್ದಾಗ ಮಾಡುತ್ತಿದ್ದದ್ದನ್ನೇ ಮಾಡಿದರು. ಬೆಳಿಗ್ಗೆ ಸಾಹೇಬರು ಬರುವ ಮುಂಚೆ, ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೋದಾಗ, ಬಕೆಟ್ಟಿನಲ್ಲಿ ಪಟಿಕ ಕರಗಿಸಿ ತಂದು ನೀರು ಬೀಳುವ ಬಾಯಿಗೆ ಸುರಿದರು. ಐವತ್ತಾರು ವರ್ಷದ ಮನುಷ್ಯ, ಮೆಟ್ಟಿಲು ಹತ್ತಿ ಇಳಿದು ದಿನಕ್ಕೆ ಎಷ್ಟು ಬಕೆಟ್ಟೋ. ಸುರಿದ ಹೊತ್ತಿಗೆ ನೀರು ತಿಳಿಯಾಗುತ್ತಿತ್ತು, ಸಾಹೇಬರಿದ್ದ ಹೊತ್ತಿಗೆ ಮತ್ತೆ ಕೆಂಪು. ಕೆಲವು ಮನೆಗೆ ಒಳ್ಳೇ ನೀರು, ಕೆಲವು ಮನೆಗೆ ಮಣ್ಣು. ಒಂದು ಮಧ್ಯಾಹ್ನ ಸಾಹೇಬರು ಬೇಗ ವಾಪಸು ಬಂದರು. ರುದ್ರಪ್ಪನವರು ಮೆಟ್ಟಿಲ ಮೇಲೆ ಬಕೆಟ್ಟಿನ ಸಮೇತ ಸಿಕ್ಕಿಬಿದ್ದರು.

ಮರುದಿನ ನೋಟೀಸು ಬಂತು. ಯಂತ್ರದ ಕೆಲಸದಲ್ಲಿ ಅನಧಿಕೃತ ಹಸ್ತಕ್ಷೇಪ, ಅದರಿಂದ ಕಾಲನಿಯ ನೀರು ಕೆಟ್ಟಿದೆ, ಯಾಕೆ ಕ್ರಮ ಕೈಗೊಳ್ಳಬಾರದು ಎಂದು. ಮಕ್ಕಳ ಹೊಟ್ಟೆ ಕೆಡಿಸಿದ್ದು ರುದ್ರಪ್ಪನ ಬಕೆಟ್ಟು ಎಂದು ಇಡೀ ಕಾಲನಿಯಲ್ಲಿ ಸುದ್ದಿ ಹಬ್ಬಿತು. ಇಪ್ಪತ್ತು ವರ್ಷ ಅವರ ಕೈಯ ನೀರು ಕುಡಿದವರೇ ಅವರ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸತೊಡಗಿದರಂತೆ.

ಸಾಹೇಬರು ನನ್ನನ್ನು ಕರೆಸಿದರು. ಪ್ಯಾನೆಲ್ ಸರಿಯಾಗಿದೆ, ಕೈಯಿಂದ ಪಟಿಕ ಸುರಿದದ್ದರಿಂದಲೇ ಅಳತೆ ಕೆಟ್ಟಿದೆ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಎಂದರು. ಮೂರು ಪ್ಯಾನೆಲ್ಲಿನ ಕಾಗದ ರೆಡಿಯಾಗಿದೆ ಎಂದೂ ಸೇರಿಸಿದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ನನಗೆ ಅರ್ಥವಾಗದೆ ಇರಲಿಲ್ಲ.

ಇಲ್ಲಿ ನಾನು ದೊಡ್ಡವನಾದೆ ಎಂದು ಹೇಳಿಕೊಳ್ಳುವುದಿಲ್ಲ. ಒಂದು ಇಡೀ ದಿನ ಲೆಟರ್‌ಹೆಡ್ಡು ಮುಂದಿಟ್ಟುಕೊಂಡು ಕೂತಿದ್ದೆ. ಏನು ಬರೆದರೆ ಸುಳ್ಳೂ ಆಗುವುದಿಲ್ಲ, ಆರ್ಡರೂ ಹೋಗುವುದಿಲ್ಲ ಎಂದು ವಾಕ್ಯ ಹುಡುಕುತ್ತಿದ್ದೆ. ಸಿಗಲಿಲ್ಲ. ಸಿಕ್ಕಿದ್ದರೆ ಬರೆದಿರುತ್ತಿದ್ದೆನೇನೋ. ಆಮೇಲೆ ಒಂದು ಒಂಬತ್ತು ವೋಲ್ಟಿನ ಬ್ಯಾಟರಿ, ಹಳೇ ರೇಡಿಯೊದಿಂದ ಕಿತ್ತ ವಾಲ್ಯೂಮ್ ಕಂಟ್ರೋಲು, ಮಲ್ಟಿಮೀಟರು, ಇವಿಷ್ಟನ್ನು ಚೀಲಕ್ಕೆ ಹಾಕಿಕೊಂಡು ಮಳೆಯಲ್ಲೇ ಹೊರಟೆ.

ಸಾಹೇಬರನ್ನು ಪ್ಯಾನೆಲ್ಲಿನ ಮುಂದೆ ನಿಲ್ಲಿಸಿದೆ. ಮೀಟರಿನ ತಂತಿ ಬಿಚ್ಚಿ ನನ್ನ ಬ್ಯಾಟರಿಯ ತಂತಿ ಸೇರಿಸಿದೆ. ವಾಲ್ಯೂಮನ್ನು ತಿರುಗಿಸುತ್ತಾ ಮಲ್ಟಿಮೀಟರಿನಲ್ಲಿ ಸರಿಯಾಗಿ ನಾಲ್ಕಕ್ಕೆ ತಂದೆ. ನಾಲ್ಕು ಅಂದ್ರೆ ತಿಳಿನೀರು ಅಲ್ವಾ ಸಾರ್ ಎಂದು ಕೇಳಿದೆ. ಹೌದು ಎಂದರು. ಪ್ಯಾನೆಲ್ ನೋಡಿ ಎಂದೆ. ಕೆಂಪು ಅಂಕಿ ನಲವತ್ತು ತೋರಿಸುತ್ತಿತ್ತು. ದಡ್ಡರಲ್ಲ ಅವರು. ನೈಲ್ ಪಾಲಿಷ್ ಬಳಿದ ಹಿಡಿಯ ಕಡೆ ಒಂದು ಸಲ ನೋಡಿದರು, ಬಾಗಿಲ ಕಡೆ ಒಂದು ಸಲ ನೋಡಿದರು.

"ಸರಿ ಮಾಡಿಬಿಡಿ. ಯಾರಿಗೂ ಹೇಳೋದು ಬೇಡ" ಎಂದರು.

ಆ ಗಳಿಗೆಯಲ್ಲಿ ನನ್ನೊಳಗಿನ ವ್ಯಾಪಾರಿ ಎದ್ದ. ಎದುರಿನವನಿಗೆ ಅವಸರವಿದೆ, ಸಾಮಾನು ನನ್ನ ಕೈಯಲ್ಲಿದೆ. ಇಂಥ ಹೊತ್ತನ್ನು ನಾನು ಜೀವಮಾನದಲ್ಲಿ ಬಿಟ್ಟವನಲ್ಲ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಮೊದಲು ರುದ್ರಪ್ಪನೋರ ನೋಟೀಸು ನನ್ನ ಕಣ್ಮುಂದೆ ಹರೀರಿ ಸಾರ್. ತಪ್ಪು ಪ್ಯಾನೆಲ್ಲಿಂದು ಅಂತ ಲಾಗ್‌ಬುಕ್ಕಲ್ಲಿ ಬರೀರಿ. ಆಮೇಲೆ ಅರ್ಧ ಗಂಟೆ ಕೆಲಸ."

ಸಾಹೇಬರು ಗೊಣಗಿದರು, ಮೇಲಿನವರನ್ನು ಕೇಳಬೇಕು ಎಂದರು, ನಾಳೆ ಎಂದರು, ಸಂಜೆ ಎಂದರು. ಇಳಿಯುತ್ತಿದ್ದರು. ಇನ್ನು ಹತ್ತು ನಿಮಿಷ ಬಿಟ್ಟಿದ್ದರೆ ಪೂರಾ ಇಳಿಯುತ್ತಿದ್ದರು, ನನಗೆ ಆ ಇಳಿತದ ಸದ್ದು ಚೆನ್ನಾಗಿ ಗೊತ್ತು. ಅಷ್ಟರಲ್ಲಿ ಬಾಗಿಲಲ್ಲಿ ರುದ್ರಪ್ಪನವರು ನಿಂತಿದ್ದು ನೋಡಿದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಷರ್ಟು ಮಳೆಗೆ ಒದ್ದೆಯಾಗಿತ್ತು.

"ನಾಗರಾಜಪ್ಪ, ಮೇಲಕ್ಕೇಳು" ಎಂದರು. "ಅಲ್ಲಿ ಮಕ್ಕಳು ಕುಡೀತಾ ಅವೆ. ನೀರಲ್ಲಿ ಚೌಕಾಸಿ ಮಾಡಬ್ಯಾಡ. ಮೊದಲು ಅದನ್ನ ಸರಿ ಮಾಡು."

ನಿಮ್ಮ ಸಲುವಾಗೇ ಅಲ್ಲವೇ ಎಂದು ನಾನು ರೇಗಿದೆ. ಹತ್ತೇ ನಿಮಿಷ ಸುಮ್ಮನಿರಿ ಎಂದೆ. ಅವರು ಬಕೆಟ್ಟು ಎತ್ತಿಕೊಂಡು ಪಟಿಕದ ತೊಟ್ಟಿಯ ಕಡೆ ನಡೆದರು, ಸಾಹೇಬರ ಎದುರಿಗೇ. ನಾನು ಸರಿ ಮಾಡುವ ತನಕ ಅವರು ಸುರಿಯುವವರೇ ಎಂದು ಗೊತ್ತಾಯಿತು. ಎದ್ದೆ. ಸ್ಕ್ರೂಡ್ರೈವರು ತೆಗೆದೆ. ನಾಲ್ಕು ಕೊಟ್ಟು ಸೊನ್ನೆಯ ಸ್ಕ್ರೂ ತಿರುಗಿಸಿದೆ, ಇಪ್ಪತ್ತು ಕೊಟ್ಟು ತುದಿಯ ಸ್ಕ್ರೂ ತಿರುಗಿಸಿದೆ. ಒಂದನ್ನು ತಿರುಗಿಸಿದರೆ ಇನ್ನೊಂದು ಜರುಗುತ್ತದೆ, ಹಾಗಾಗಿ ಮತ್ತೆ ನಾಲ್ಕು, ಮತ್ತೆ ಇಪ್ಪತ್ತು. ಮೂರು ಸುತ್ತಿನಲ್ಲಿ ಹೊಂದಿತು. ನೈಲ್ ಪಾಲಿಷ್ ಕೆರೆದು ಹಿಡಿಯನ್ನು ನೂರಕ್ಕೆ ಏರಿಸಿದೆ. ಪಂಪು ಒಂದು ಬಡಿತ ಬಡಿಯಿತು, ದ್ರಾವಣ ದಾರದಂತೆ ಅಲ್ಲ, ಬೆರಳಿನಂತೆ ಬಿತ್ತು. ಮುಕ್ಕಾಲು ಗಂಟೆಯಲ್ಲಿ ತೊಟ್ಟಿಯೊಳಗೆ ಕೆಸರು ಮೋಡದ ಹಾಗೆ ಗಂಟು ಕಟ್ಟಿತು. ರುದ್ರಪ್ಪನವರು ಬಕೆಟ್ಟು ಬೋರಲು ಹಾಕಿದರು.

ಕೈಯಲ್ಲಿದ್ದ ಸಾಮಾನು ಕೊಟ್ಟಾಗಿತ್ತು. ಇನ್ನು ನನ್ನ ಮಾತನ್ನು ಯಾರು ಕೇಳುತ್ತಾರೆ? ಲಾಗ್‌ಬುಕ್ಕಿನಲ್ಲಿ ಸಾಹೇಬರು ಬರೆದದ್ದು ಒಂದೇ ಸಾಲು: ಆಪರೇಟರನ ಹಸ್ತಕ್ಷೇಪ ನಿಲ್ಲಿಸಲಾಯಿತು, ಈಗ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ. ಎರಡು ಮಾತೂ ಸುಳ್ಳಲ್ಲ. ಎಷ್ಟು ಹುಡುಕಿದರೂ ನನಗೆ ಸಿಗದ ವಾಕ್ಯ ಅವರಿಗೆ ಸಿಕ್ಕಿತ್ತು.

ನಾನು ಸುಮ್ಮನೆ ಬಿಡಲಿಲ್ಲ. ತಪ್ಪು ನನ್ನದು, ಕಂಟ್ರೋಲರಿನ ಸೊನ್ನೆ ಹೊಂದಿಸದೆ ಕೊಟ್ಟೆ, ರುದ್ರಪ್ಪನವರು ಸುರಿದ ಪಟಿಕದಿಂದಲೇ ಅಷ್ಟಾದರೂ ಒಳ್ಳೇ ನೀರು ಸಿಕ್ಕಿದ್ದು ಎಂದು ನನ್ನ ಲೆಟರ್‌ಹೆಡ್ಡಿನಲ್ಲಿ ಬರೆದು ಕಂಪನಿಯ ಮ್ಯಾನೇಜರ ಹತ್ತಿರ ಹೋದೆ. ಎರಡು ಸಲ ಹೊರಗೇ ಕೂರಿಸಿ ಕಳಿಸಿದರು. ಮೂರನೆಯ ಸಲ ಒಳಗೆ ಕರೆದರು. ನನ್ನ ಕಾಗದವನ್ನು ಪೂರ್ತಿ ಓದಿದರು, ಸಿಟ್ಟಾಗಲಿಲ್ಲ. ಬೀರುವಿನಿಂದ ಒಂದು ಫೈಲು ತೆಗೆದು ಇನ್ನೊಂದು ಕಾಗದವನ್ನು ಅದರ ಪಕ್ಕದಲ್ಲಿಟ್ಟರು. ಫೆಬ್ರವರಿಯದು. ಎಲ್ಲ ಅಳತೆಯನ್ನೂ ಸರಿಹೊಂದಿಸಲಾಗಿದೆ.

"ಇದೂ ನಿಮ್ಮ ಸೈನು, ಇದೂ ನಿಮ್ಮ ಸೈನು. ಯಾವುದನ್ನ ನಂಬಲಿ ನಾಗರಾಜ್?" ಎಂದು ಕೇಳಿದರು.

ಯಾವ ಅಂಗಡಿಯಲ್ಲೂ, ಯಾವ ಆಫೀಸಿನಲ್ಲೂ ನನಗೆ ಮಾತು ನಿಂತದ್ದಿಲ್ಲ. ಅಲ್ಲಿ ನಿಂತಿತು. ಹೊರಗೆ ಬಂದು ಸ್ಕೂಟರಿಗೆ ಒದ್ದೆ, ಕಾಲು ನೋವಾಯಿತು, ಅದು ಸ್ಟಾರ್ಟೂ ಆಗಲಿಲ್ಲ.

ರುದ್ರಪ್ಪನವರನ್ನು ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆಯ ಪತ್ರ ಫೈಲಿಗೆ ಸೇರಿತು, ಅವರನ್ನು ನೀರಿನ ಮನೆಯಿಂದ ಬಿಡಿಸಿ ಕಾಲನಿಯ ತೋಟಕ್ಕೆ ಹಾಕಿದರು. ಮೂರು ಪ್ಯಾನೆಲ್ ಇನ್ಯಾರಿಗೋ ಹೋಯಿತು. ಹೋಗಲಿ.

ಆ ವರ್ಷ ದಸರೆಯಲ್ಲಿ ಪಂಜಿನ ಕವಾಯತಿನ ತಾಲೀಮಿಗೆ ನನ್ನ ಶೆಡ್ಡಿನ ಮುಂದೆ ದಿನಾ ಜನ ಓಡಾಡುತ್ತಿದ್ದರು. ನನಗೆ ಯಾವ ಉಮೇದೂ ಇರಲಿಲ್ಲ. ಹಬ್ಬ ಮುಗಿದ ಮೇಲೆ, ನಾಲೆಯ ಕೆಂಪು ಇಳಿದ ಒಂದು ಬೆಳಿಗ್ಗೆ, ಪ್ಯಾನೆಲ್ ನೋಡುವ ನೆಪ ಮಾಡಿಕೊಂಡು ಕಾಲನಿಗೆ ಹೋದೆ. ರುದ್ರಪ್ಪನವರು ತೋಟದಲ್ಲಿ ದಾಸವಾಳದ ಸಾಲಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ಟ್ಯಾಂಕಿನ ನೀರೇ. ಜೇಬಿನಲ್ಲಿ ಆ ಗ್ಲಾಸು ಹಾಗೇ ಇತ್ತು.

ನಾನು ನಿಂತಲ್ಲೇ ಶುರು ಮಾಡಿದೆ. ಮೋಹನ್ ಸಾಹೇಬರನ್ನು ಬೈದೆ, ಮ್ಯಾನೇಜರನ್ನು ಬೈದೆ, ಎಸ್.ಪಿ. ರಸ್ತೆಯ ಅಂಗಡಿಯವನನ್ನೂ ಬಿಡಲಿಲ್ಲ. ಆ ದಿನ ನೀವು ಹತ್ತು ನಿಮಿಷ ಬಾಯಿಮುಚ್ಚಿಕೊಂಡಿದ್ದರೆ ನೋಟೀಸು ಹರಿದುಹೋಗುತ್ತಿತ್ತು ಎಂದು ಅವರ ಮೇಲೂ ಹರಿಹಾಯ್ದೆ. ಅವರು ಗಿಡದಿಂದ ಗಿಡಕ್ಕೆ ಪೈಪು ಬದಲಿಸುತ್ತಾ ಕೇಳಿಸಿಕೊಂಡರು. ನನ್ನ ಉಸಿರು ಮುಗಿದ ಮೇಲೆ ಕೇಳಿದರು.

"ನಾಲೆ ಈಗ ತಿಳಿಯಾಗಿರಬೇಕಲ್ಲ. ಮಿಷನ್ನು ಏನಂತದೆ?"

"ಎಂಟು" ಎಂದೆ, ಬರುವಾಗಲೇ ನೋಡಿಕೊಂಡು ಬಂದಿದ್ದೆ.

"ಸರಿಯಾಗಿ ಹೇಳ್ತದೆ." ಪೈಪನ್ನು ಗಿಡದ ಬುಡದಲ್ಲಿಟ್ಟು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದರು. "ಅವತ್ತು ನಾನು ಗ್ಲಾಸು ತೋರ್ಸಿ ಕೇಳ್ದಾಗ, ಅದು ತಪ್ಪು ಹೇಳ್ತದೆ ಅಂತ ನಿಂಗೆ ಗೊತ್ತಿತ್ತಾ?"

ಮ್ಯಾನೇಜರ ಮುಂದೆ ನಿಂತ ಮಾತು ಇಲ್ಲಿ ನಿಲ್ಲುವಂತಿರಲಿಲ್ಲ.

"ಗೊತ್ತಿತ್ತು" ಎಂದೆ.

ಅವರು ತಲೆಯಾಡಿಸಿದರು. "ಅಂಗಾದ್ರೆ ಆ ಇಂಜಿನೇರು ಹುಡುಗನ್ನ ಯಾಕೆ ಬೈತೀಯ, ಬುಡು."

ಜೇಬಿನಿಂದ ಗ್ಲಾಸು ತೆಗೆದರು. ಪೈಪಿನ ಬಾಯಿಗೆ ಹಿಡಿದು ತುಂಬಿಸಿದರು, ಅಭ್ಯಾಸದಂತೆ ಬೆಳಕಿಗೆ ಎತ್ತಿ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಬಿಸಿಲಿನಲ್ಲಿ ಅಷ್ಟು ದೂರ ಬಂದು ಕೂಗಾಡಿದ್ದಕ್ಕೆ ಗಂಟಲು ಒಣಗಿತ್ತು. ಅವರ ಮುಂದೆ ನಿಂತುಕೊಂಡೇ ಕುಡಿದೆ. ನೀರು ಚೆನ್ನಾಗಿತ್ತು. ಒಗರಿರಲಿಲ್ಲ.